ಕತ್ತರಿಗಿಂತ ಮುಂಚೆ ಬಳಪ

ಟೇಲರ್ ಅಂಗಡಿಗೆ ಹೋದವರ ಕಣ್ಣು ಹೊಲಿಗೆ ಯಂತ್ರದ ಮೇಲೆಯೇ ನೆಡುತ್ತದೆ. ಅದು ಸದ್ದು ಮಾಡುತ್ತದೆ, ಚಕ್ರ ತಿರುಗುತ್ತದೆ, ಹಬ್ಬದೊಳಗೆ ಅಂಗಿ ಸಿಕ್ಕೀತೆಂಬ ಭರವಸೆ ಹುಟ್ಟಿಸುತ್ತದೆ. ಆದರೆ ಅಂಗಡಿಯ ಯಜಮಾನಿಕೆ ಇರುವುದು ಅಲ್ಲಲ್ಲ. ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, ಎತ್ತರದ ಮೇಜಿನ ಮುಂದೆ ಚಪ್ಪಟೆ ಬಳಪ ಹಿಡಿದು ನಿಂತಿರುತ್ತಾನಲ್ಲ ಕಟಿಂಗ್ ಮಾಸ್ಟರ್, ಅವನ ಹತ್ತಿರ. ಹೊಲಿಯುವವರು ನಾಲ್ಕಾರು ಮಂದಿ ಇರಬಹುದು, ಮಾಸ್ಟರ್ ಒಬ್ಬನೇ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ತಪ್ಪಿದರೆ ಗಿರಾಕಿಗೆ ಹೊಸ ಬಟ್ಟೆ ಕೊಡಿಸಬೇಕು, ಇಲ್ಲವೇ ಈಗ ಇದೇ ಫ್ಯಾಶನ್ ಎಂದು ನಂಬಿಸಬೇಕು. ಎರಡನೆಯದರಲ್ಲಿ ಪಳಗಿದ ಮಾಸ್ಟರುಗಳೂ ಇದ್ದಾರೆ, ಅದು ಬೇರೆ ವಿದ್ಯೆ.

ಒಳ್ಳೆಯ ಮಾಸ್ಟರ್ ಬಳಪ ಎತ್ತುವ ಮೊದಲು ಏನು ಮಾಡುತ್ತಾನೆ ನೋಡಿ. ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾನೆ. ಅಂಗೈಯಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಸವರುತ್ತಾನೆ. ಮಖಮಲ್ಲು, ಕಾರ್ಡುರಾಯ್ ಆದರೆ ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಎಡತೋಳನ್ನು ಒಂದು ದಿಕ್ಕಿಗೂ ಬಲತೋಳನ್ನು ಇನ್ನೊಂದು ದಿಕ್ಕಿಗೂ ಕತ್ತರಿಸಿದರೆ, ಒಂದೇ ಥಾನಿನ ಬಟ್ಟೆಯೂ ಎರಡು ಬಣ್ಣದಂತೆ ಕಾಣುತ್ತದೆ. ಚೌಕಳಿ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡಬೇಕು. ಹತ್ತಿಯಾದರೆ "ನೀರಿಗೆ ಹಾಕಿದ್ದೀರಾ?" ಎಂಬ ಪ್ರಶ್ನೆ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಕರ್ನಾಟಕದ ಎಲ್ಲ ಟೇಲರುಗಳೂ ಆಡುವ ಆ ಒಂದು ಮಾತು: "ಬಟ್ಟೆ ಸಾಲಲ್ಲ ಸಾರ್." ಸಾಲುತ್ತದೆ, ಯಾವಾಗಲೂ ಸಾಲುತ್ತದೆ. ಕೆಲವೊಮ್ಮೆ ಮಾಸ್ಟರ ಮೊಮ್ಮಗಳ ಫ್ರಾಕಿಗೂ ಸಾಲುತ್ತದೆ.

ಇದೇ ಕೆಲಸ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಪ್ರತ್ಯೇಕ ವಿಭಾಗವಾಗಿ ಕೂತಿದೆ. ಅಲ್ಲಿ ಬಳಪವಿಲ್ಲ, ಕಂಪ್ಯೂಟರ್ ಇದೆ. ತೋಳು, ಕಾಲರು, ಬೆನ್ನು, ಪಟ್ಟಿ ಎಲ್ಲವನ್ನೂ ಬಟ್ಟೆಯ ಅಗಲದೊಳಗೆ ಹೇಗೆ ಒತ್ತೊತ್ತಾಗಿ ಕೂರಿಸಬೇಕೆಂದು ಅದು ತೋರಿಸುತ್ತದೆ. ಹಾಗೆ ಜೋಡಿಸಿದ ಉದ್ದನೆಯ ಕಾಗದಕ್ಕೆ 'ಮಾರ್ಕರ್' ಎನ್ನುತ್ತಾರೆ. ಅದನ್ನು ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲಿಟ್ಟು ಗರಗಸದಂಥ ಯಂತ್ರವನ್ನು ಓಡಿಸಿದರೆ ಒಂದೇ ಏಟಿಗೆ ರಾಶಿ ತೋಳುಗಳು ಸಿದ್ಧ. ಅಂಗಿಯ ಖರ್ಚಿನಲ್ಲಿ ಬಟ್ಟೆಯದೇ ಸಿಂಹಪಾಲು. ನೂರಕ್ಕೆ 15-20 ಭಾಗ ಚಿಂದಿಯಾಗಿ ಉದುರುವುದು ಮಾಮೂಲು. ಆ ಚಿಂದಿಯನ್ನು ನೂರಕ್ಕೆ ಒಂದೇ ಒಂದು ಭಾಗ ತಗ್ಗಿಸಿದವನನ್ನು ಮಾಲೀಕರು ಕರೆದು ಕಾಫಿ ಕೊಡುತ್ತಾರೆ. ಹೊಲಿಗೆ ಸಾಲಿನಲ್ಲಿ ಕೂತ ಹೆಣ್ಣುಮಕ್ಕಳು ದಿನವಿಡೀ ಬೆವರು ಸುರಿಸಿ ಉಳಿಸಿಕೊಟ್ಟದ್ದಕ್ಕೆ ಆ ಕಾಫಿ ಸಿಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಗೀಟು ಎಳೆಯುವವನಿಗೆ ಈ ಮೇಲ್ಪಂಕ್ತಿ ಇವತ್ತಿನದಲ್ಲ. ಹಳೆಯ ವಾಸ್ತುಗ್ರಂಥಗಳಾದ ಮಾನಸಾರ, ಮಯಮತಗಳು ಕಟ್ಟಡ ಕಟ್ಟುವವರನ್ನು ನಾಲ್ಕು ದರ್ಜೆ ಮಾಡುತ್ತವೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ಯೋಜಿಸುವ ಸ್ಥಪತಿ ಮೊದಲನೆಯವನು, ಸರಿ. ಎರಡನೆಯವನು ಕಲ್ಲು ಕಡಿಯುವವನಲ್ಲ, ಮರ ಕೆತ್ತುವವನಲ್ಲ. ದಾರ ಹಿಡಿದು ಅಳತೆಯನ್ನು ವಸ್ತುವಿನ ಮೇಲೆ ಇಳಿಸುವವನು. ಅವನು ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕೆಂದು ಮಯಮತ ಬಯಸುತ್ತದೆ. ನಂಬಿಕಸ್ಥನೇ ಬೇಕು ಎಂದಾಯಿತು. ನಕ್ಷೆಯಲ್ಲಿದ್ದದ್ದು ಕಲ್ಲಿಗೆ ಇಳಿಯುವ ಆ ಒಂದು ಘಳಿಗೆಯಲ್ಲಿ ಕೈ ನಡುಗಿದರೆ ಮುಂದೆ ಎಂಥ ಜಾಣ ಶಿಲ್ಪಿಯೂ ಸರಿಪಡಿಸಲಾರ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿದ್ಯೆ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಮುಗಿದುಹೋಗುತ್ತದೆ. ಹುಡುಗರು ಖಾಕಿ ಕೋಟು ತೊಟ್ಟು, ಕಬ್ಬಿಣದ ತುಂಡಿನ ಮೇಲೆ ನಾಲ್ಕು ಗೀರು ಎಳೆದು, ಫೋಟೋ ತೆಗೆಸಿಕೊಂಡು, ಸಾಫ್ಟ್‌ವೇರ್ ಕಂಪನಿ ಸೇರುತ್ತಾರೆ.

ಕಲ್ಲಿನ ಮಾತು ಬಂತು. ಬಳಪದ ಕಲ್ಲನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗದು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯರು ಹಿಡಿದದ್ದು ಮರಳುಗಲ್ಲು. ದೊಡ್ಡ ದಿಮ್ಮಿ, ಭಾರಿ ಮೈಕಟ್ಟು. ಆಮೇಲಿನ ಕಲ್ಯಾಣ ಚಾಲುಕ್ಯರ ಕಾಲಕ್ಕೆ ರುಚಿ ಬದಲಾಯಿತು. ಸುಮಾರು 1050ರಲ್ಲಿ ಎದ್ದ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಬಳಪದ ಕಲ್ಲಿಗೆ ತಿರುಗಿದ ಮೊದಮೊದಲ ಗುಡಿಗಳಲ್ಲೊಂದು. ಹೊಯ್ಸಳರು ಅದನ್ನು ಕೈಬಿಡಲೇ ಇಲ್ಲ. ಬೇಲೂರು ಶುರುವಾದದ್ದು 1117ರಲ್ಲಿ. ಈ ಕಲ್ಲು ಗಣಿಯಿಂದ ಈಗಷ್ಟೇ ಎತ್ತಿದಾಗ ಮೆತ್ತಗಿದ್ದು ಉಳಿಗೆ ಮಣಿಯುತ್ತದೆ. ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿಯಾಗುತ್ತದೆ. ಶಿಲ್ಪಿಗೆ ಇದಕ್ಕಿಂತ ಇನ್ನೇನು ಬೇಕು? ಮದನಿಕೆಯ ಬಳೆಯ ಒಳಗೆ ಬೆಳಕು ತೂರುವಂತೆ ಕೊರೆದರೂ ಒಡೆಯಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಕೆತ್ತಿಟ್ಟರು. ಗ್ರಾನೈಟು ಹಿಡಿದಿದ್ದರೆ ಹೆಸರು ಕೆತ್ತುವಷ್ಟು ಪುರಸೊತ್ತು ಅವರಿಗೆ ಸಿಗುತ್ತಿತ್ತೋ ಇಲ್ಲವೋ.

ಈ ಕಲ್ಲಿನ ಇನ್ನೊಂದು ಸಂಸಾರ ನೋಡಿ. ನಮ್ಮ ತಲೆಮಾರಿನವರು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದು, ಗುಟ್ಟಾಗಿ ತಿಂದದ್ದು ಇದರ ನೆಂಟಸ್ತಿಕೆಯ ಬಳಪವನ್ನೇ. ದರ್ಜಿಯ ಚಪ್ಪಟೆ ಬಳಪವೂ ಮೂಲದಲ್ಲಿ ಈ ಕುಲದ್ದೇ, ಈಗ ಮೇಣದ್ದೂ ಬಂದಿದೆ. ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡುಗಳಿಗೆ ಹೋದರೆ ವೆಲ್ಡರ್ ಜೇಬಿನಲ್ಲೂ ಅದೇ ಇರುತ್ತದೆ. ಮಾಮೂಲಿ ಸೀಮೆಸುಣ್ಣದಲ್ಲಿ ಉಕ್ಕಿನ ತಟ್ಟೆಯ ಮೇಲೆ ಗೀಟು ಎಳೆದರೆ ಉಜ್ಜಿಹೋಗುತ್ತದೆ, ಬಣ್ಣದಲ್ಲಿ ಎಳೆದರೆ ಗ್ಯಾಸ್ ಜ್ವಾಲೆಗೆ ಸುಟ್ಟುಹೋಗುತ್ತದೆ. ಬಳಪದ ಕಲ್ಲಿನ ಗೀಟಿಗೆ ಜ್ವಾಲೆಯ ಭಯವಿಲ್ಲ. ಕಪ್ಪು ಕನ್ನಡಕದ ಹಿಂದಿನಿಂದಲೂ ಬೆಳ್ಳಗೆ ಕಾಣುತ್ತಿರುತ್ತದೆ, ಕತ್ತರಿಸುವವನು ಅದರ ಬೆನ್ನು ಹಿಡಿದು ಹೋಗುತ್ತಾನೆ. ಹೀಗೆ ಒಂದೇ ವಸ್ತು ಒಂದೆಡೆ ತಾನೇ ಗೀಟು ಹಾಕಿಸಿಕೊಂಡು ದೇವರಾಯಿತು, ಇನ್ನೊಂದೆಡೆ ಗೀಟು ಹಾಕುವ ಕೂಲಿಯಾಯಿತು. ವಸ್ತುಗಳಲ್ಲೂ ಹಣೆಬರಹ ಉಂಟು.

ಬಳಪದಷ್ಟೇ ನನಗೆ ಪ್ರೀತಿಯ ಇನ್ನೊಂದು ವಸ್ತು ಮೈಲುತುತ್ತ. ಮಲೆನಾಡಿನವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು ಅಡಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ತೋಟದ ಮನೆಯ ಮಕ್ಕಳಿಗೂ ಬಾಯಿಪಾಠ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಈ ಕೊಳೆರೋಗದ ಬಗ್ಗೆ ಗ್ರಂಥ ಬರೆದಿದ್ದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮೈಲುತುತ್ತ ರೋಗಕ್ಕೆ ಮದ್ದಾದ ಕಥೆ ಇನ್ನೂ ಸ್ವಾರಸ್ಯದ್ದು. ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಸುಣ್ಣ, ಮೈಲುತುತ್ತ ಬೆರೆಸಿದ ನೀಲಿ ನೀರು ಎರಚುತ್ತಿದ್ದರು. ವಿಷ ಬಳಿದಿದೆ, ಮುಟ್ಟಬೇಡಿ ಎಂಬ ಗುರುತು. ಆ ಬಳ್ಳಿಗಳಿಗೆ ಬೂಜು ತಗುಲಲಿಲ್ಲವೆಂಬುದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಜಗತ್ತಿಗೆ ಹೇಳಿದ. ಕಳ್ಳರಿಗೆಂದು ಹಾಕಿದ ಗುರುತು ನಮ್ಮ ತೀರ್ಥಹಳ್ಳಿಯ ಅಡಕೆ ಉಳಿಸಿತು.

ಗುರುತು ಹಾಕುವ ಈ ಗುಣವನ್ನು ಮೈಲುತುತ್ತ ಕಾರ್ಖಾನೆಯಲ್ಲೂ ಬಿಟ್ಟಿಲ್ಲ. ಐಟಿಐ ಫಿಟ್ಟರ್ ವಿಭಾಗದಲ್ಲಿ ಕಲಿತವರನ್ನು ಕೇಳಿ. ಅರದಿಂದ ಉಜ್ಜಿ ಹೊಳಪು ಬಂದ ಉಕ್ಕಿನ ಮೇಲೆ ಗೀಟು ಎಳೆದರೆ ಬಿಳಿ ಮೇಲೆ ಬಿಳಿ, ಕಾಣುವುದಿಲ್ಲ. ಅದಕ್ಕೆ ಒಂದಿಷ್ಟು ಹುಳಿ ಬೆರೆತ ಮೈಲುತುತ್ತದ ನೀರು ಸವರುತ್ತಾರೆ. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತದೆ, ಉಕ್ಕಿನ ಮೈಮೇಲೆ ತೆಳ್ಳಗೆ ತಾಮ್ರದ ಕೆಂಪು ಹರಡುತ್ತದೆ. ಆ ಕೆಂಪಿನ ಮೇಲೆ ಸ್ಕ್ರೈಬರ್ ಎಳೆದರೆ ಉಕ್ಕಿನ ಬೆಳ್ಳಿಗೀಟು ಎದ್ದು ಕಾಣುತ್ತದೆ. ಎರಕದ ಒರಟು ಮೈಗಾದರೆ ಇಷ್ಟು ನಾಜೂಕು ಬೇಡ, ಸುಣ್ಣದಂಥ ಬಿಳಿ ಬಳಿದರೆ ಸಾಕು. ಯಾವ ಮೈಗೆ ಯಾವ ಬಣ್ಣ ಎಂಬುದೇ ಫಿಟ್ಟರನ ಮೊದಲ ಪಾಠ.

ಈಗ ಬೀದರಿಗೆ ಬನ್ನಿ. ಬಿದರಿ ಕಲೆಯ ಹೂಜಿ, ಹುಕ್ಕಾಗಳನ್ನು ಎರಕ ಹೊಯ್ಯುವುದು ಸತುವಿನಿಂದ. ಸಾಮಾನ್ಯವಾಗಿ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಅರ ಹಾಕಿ ನಯ ಮಾಡಿದ ಮೇಲೆ ಅದೂ ಬೆಳ್ಳಗೆ ಮಿನುಗುತ್ತದೆ, ಚಿತ್ತಾರ ಬಿಡಿಸಿದರೆ ಕಾಣದು. ಅಲ್ಲಿಯೂ ಅದೇ ಮೈಲುತುತ್ತದ ನೀರು! ಉಕ್ಕಿನ ಮೇಲೆ ಕೆಂಪಗೆ ಕೂರುವ ತಾಮ್ರ ಸತುವಿನ ಮೇಲೆ ಸಣ್ಣ ಸಣ್ಣ ಕಣವಾಗಿ ಕಪ್ಪಗೆ ಕೂರುತ್ತದೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಮೊನಚಿನ ಕಡ್ಡಿಯಿಂದ ಬಳ್ಳಿ, ಹೂ, ಅಕ್ಷರಗಳನ್ನು ಕೈಯಲ್ಲೇ ಬಿಡಿಸುತ್ತಾನೆ, ಸ್ಕೇಲಿಲ್ಲ, ಕಾಗದದ ಪಡಿಯಚ್ಚಿಲ್ಲ. ಆಮೇಲೆ ಉಳಿಯಿಂದ ಗೀರನ್ನು ಕಾಲುವೆ ಮಾಡಿ, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾನೆ. ಮತ್ತೆ ಉಜ್ಜುತ್ತಾನೆ. ಮೊದಲು ಬಳಿದ ಕಪ್ಪು ಅಳಿಸಿಹೋಗುತ್ತದೆ, ಬಿಳಿ ಸತುವಿನ ಮೇಲೆ ಬಿಳಿ ಬೆಳ್ಳಿ ಮತ್ತೆ ಕಣ್ಮರೆಯಾಗುತ್ತದೆ. ಇಷ್ಟು ದುಡಿದದ್ದು ಎಲ್ಲಿ ಹೋಯಿತು ಎಂದು ನೋಡುವವರಿಗೆ ಗಾಬರಿ. ಆಗ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುತ್ತಾನೆ. ಸತು ಶಾಶ್ವತವಾಗಿ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮೊದಲ ಕಪ್ಪು ಗೀಟಿಗೆಂದು ಬಂದು ಹೋದದ್ದು, ಎರಡನೆಯದು ಉಳಿಯಲೆಂದು ಬಂದದ್ದು.

ಆ ಮಣ್ಣಾದರೂ ಎಲ್ಲಿಯದೋ ಆಗುವುದಿಲ್ಲ. ಬಿಸಿಲು ಮಳೆ ಕಾಣದ ಕೋಟೆಯ ಒಳಮೂಲೆಗಳಿಂದ ಆರಿಸಿ ತರುತ್ತಾರೆ, ನಾಲಿಗೆಗೆ ಹಚ್ಚಿ ರುಚಿ ನೋಡಿ ಒಪ್ಪುತ್ತಾರೆ. ಸರಬರಾಜುದಾರರಿಂದ ಪ್ರಮಾಣಪತ್ರ ಕೇಳುವ ನಮ್ಮ ಖರೀದಿ ವಿಭಾಗದ ಅಧಿಕಾರಿಗಳನ್ನು ಒಮ್ಮೆ ಅಲ್ಲಿಗೆ ಕಳಿಸಬೇಕು. ಮಣ್ಣು ತಿನ್ನಿಸಲಿಕ್ಕಲ್ಲ; ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ ಎಂದು ತೋರಿಸಲಿಕ್ಕೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಬೆಳ್ಳಿಯ ಹೊಳಪೇ ಸುದ್ದಿಯಾಯಿತು. ಮೈಲುತುತ್ತವನ್ನು ಯಾರೂ ವಿಚಾರಿಸಲಿಲ್ಲ, ಪಾಪ.

ಫಿಟ್ಟರನ ಬಳಿಗೆ ವಾಪಸು ಹೋಗೋಣ, ಏಕೆಂದರೆ ಅವನು ಮಾಡುವ ಒಂದು ಕೆಲಸ ನನಗೆ ತುಂಬ ಹಿಡಿಸಿದೆ. ಗೀಟು ಎಳೆದ ಮೇಲೆ ಅವನು ಸುಮ್ಮನಾಗುವುದಿಲ್ಲ. ಪಂಚು ಹಿಡಿದು ಗೀಟಿನ ಉದ್ದಕ್ಕೂ ಚುಕ್ಕಿ ಚುಕ್ಕಿ ಕುಟ್ಟುತ್ತಾನೆ. ಬಣ್ಣ ಅಳಿಯಬಹುದು, ಎಣ್ಣೆ ಕೈ ತಾಗಿ ಗೀಟು ಮಾಸಬಹುದು, ಚುಕ್ಕಿ ಮಾಸದು. ಆಮೇಲೆ ಅರ ಹಾಕುತ್ತ ಹಾಕುತ್ತ ಗೀಟಿನವರೆಗೆ ಬಂದಾಗ ಪ್ರತಿ ಚುಕ್ಕಿಯೂ ಸರಿಯಾಗಿ ಅರ್ಧಕ್ಕೆ ಸೀಳಿರಬೇಕು, ಅಂಚಿನಲ್ಲಿ ಅರೆಚುಕ್ಕಿಗಳ ಸಾಲು ಉಳಿದಿರಬೇಕು. ಪೂರ್ತಿ ಚುಕ್ಕಿ ಉಳಿದಿದ್ದರೆ ಕೆಲಸ ಬಾಕಿ. ಚುಕ್ಕಿಯೇ ಇಲ್ಲದಿದ್ದರೆ ತುಂಡು ಗುಜರಿಗೆ. ಅವಕ್ಕೆ ಸಾಕ್ಷಿ ಚುಕ್ಕಿಗಳೆಂದೇ ಹೆಸರು. ಮೇಷ್ಟರು ಬಂದು ಕಣ್ಣು ಕಿರಿದು ಮಾಡಿ ನೋಡಿದರೆ ಸಾಕು, ಅಳತೆಗೋಲು ಹೊರತೆಗೆಯದೆ ಹುಡುಗನ ಕೈ ಎಷ್ಟು ಪಳಗಿದೆಯೆಂದು ತಿಳಿದುಹೋಗುತ್ತದೆ. ನ್ಯಾಯಾಲಯಗಳಲ್ಲಿ ಸಾಕ್ಷಿಗಳು ತಿರುಗಿ ಬೀಳುವುದುಂಟು. ಇವು ಬೀಳುವುದಿಲ್ಲ.

ಇಷ್ಟಾದರೂ ಗೀಟಿಗಿಂತ ಮುಂಚಿನ ಪ್ರಶ್ನೆಯೊಂದು ಉಳಿಯುತ್ತದಲ್ಲ: ಯಾವುದರ ಮೇಲೆ ಗೀಟು? ಇದಕ್ಕೆ ಕೇಂಬ್ರಿಜಿನ ಮೈಕೇಲ್ ಆಶ್ಬಿ ಚಂದದ ನಕ್ಷೆಗಳನ್ನು ಮಾಡಿಕೊಟ್ಟಿದ್ದಾರೆ. ಅಡ್ಡಕ್ಕೆ ಸಾಂದ್ರತೆ, ಉದ್ದಕ್ಕೆ ಬಿಗುವು. ಲೋಹ, ಪಿಂಗಾಣಿ, ಪ್ಲಾಸ್ಟಿಕ್, ಮರ ಒಂದೊಂದೂ ತನ್ನ ತನ್ನ ಕೇರಿಯಲ್ಲಿ ಕೂತಿರುತ್ತವೆ. ಹಗುರವಾದ ಆದರೆ ಬಾಗದ ತೊಲೆ ಬೇಕೆಂದು ಗೆರೆ ಎಳೆದು ನೋಡಿದರೆ ಎಳೆಯುದ್ದಕ್ಕೆ ಹಿಡಿದ ಮರ ಉಕ್ಕನ್ನೇ ಹಿಂದೆ ಹಾಕುತ್ತದೆ. ನಮ್ಮ ಅಟ್ಟದ ತೊಲೆಗಳಿಗೆ ಇದು ಗೊತ್ತಿತ್ತು. ಆದರೆ ಚನ್ನಪಟ್ಟಣದ ಗೊಂಬೆಗೆ ಆಲೆ ಮರವೇ ಏಕೆ ಎಂದು ಆ ನಕ್ಷೆಯನ್ನು ಕೇಳಿದರೆ ಉತ್ತರ ಸಿಗದು. ಆಲೆ ಮರ ಬೆಳ್ಳಗಿದೆ, ಎಳೆ ನುಣುಪಾಗಿದೆ, ಕಡೆಯುವಾಗ ಸಿಬಿರು ಏಳುವುದಿಲ್ಲ. ಕೆಲವು ತಿಂಗಳು ಒಣಗಿಸಿ ಚಿಕ್ಕ ಲೇಥಿಗೆ ಕಟ್ಟಿ ತಿರುಗಿಸುತ್ತ ಉಳಿಯ ಮೊನೆ ತಾಗಿಸಿದರೆ ಸಾಕು, ಮರವೇ ತನ್ನ ಸುತ್ತ ಗೀಟು ಎಳೆದುಕೊಳ್ಳುತ್ತದೆ. ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಬಣ್ಣ ಹತ್ತುತ್ತದೆ, ತಾಳೆಗರಿಯಿಂದ ಒತ್ತಿದರೆ ಹೊಳಪು. ಆ ಬಣ್ಣ ಅಷ್ಟು ನಿಚ್ಚಳವಾಗಿ ಕಾಣುವುದು ಕೆಳಗಿನ ಮರ ಬಿಳಿಯಾದ್ದರಿಂದ. ತೇಗ, ಬೀಟೆ ಬೆಲೆಯಲ್ಲಿ ದೊಡ್ಡವು; ಗೊಂಬೆಯ ಮಟ್ಟಿಗೆ ಅವು ದಡ್ಡ ಆಯ್ಕೆ. ಬೆಲೆ ಹೆಚ್ಚಾದದ್ದೆಲ್ಲ ಒಳ್ಳೆಯ ಸಾಮಾನು ಎಂದು ನಂಬಿ ಗೃಹಪ್ರವೇಶಕ್ಕೆ ಮುಂಚೆ ಸಾಲ ಮಾಡುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಅವರು ಆಗಲೇ ಇಟಲಿಯ ಅಮೃತಶಿಲೆಗೆ ಮುಂಗಡ ಕೊಟ್ಟಿರುತ್ತಾರೆ.

ಆರಿಸುವವರ ಜಾಣತನದಲ್ಲಿ ಮೋಸಹೋಗುವುದೂ ಸೇರಿದೆ. ಸ್ಟೀಲ್ ಪಾತ್ರೆ ಅಂಗಡಿಗೆ ಅಯಸ್ಕಾಂತ ಹಿಡಿದು ಹೋಗುವ ಗೃಹಸ್ಥರನ್ನು ನೀವು ಕಂಡಿರಬೇಕು. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ ಎಂಬುದು ಅವರ ಸಿದ್ಧಾಂತ. 304 ದರ್ಜೆಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 200 ಸರಣಿಗೂ ಅಂಟುವುದಿಲ್ಲ. ಇನ್ನು 430 ದರ್ಜೆ ತುಕ್ಕು ಹಿಡಿಯದ ಅಪ್ಪಟ ಸ್ಟೀಲೇ, ಆದರೂ ಗಟ್ಟಿಯಾಗಿ ಅಂಟುತ್ತದೆ. ಇಂಡಕ್ಷನ್ ಒಲೆಗೆ ಅಂಟುವಂಥ ತಳವೇ ಬೇಕು. ಪೀಣ್ಯದ ಹಳಬರು ಅಯಸ್ಕಾಂತಕ್ಕಿಂತ ಗ್ರೈಂಡರನ್ನು ನಂಬುತ್ತಾರೆ. ಸರಳನ್ನು ಚಕ್ರಕ್ಕೆ ತಾಗಿಸಿ ಕಿಡಿ ನೋಡುತ್ತಾರೆ. ಇಂಗಾಲ ಹೆಚ್ಚಿದ್ದರೆ ಕಿಡಿ ಕವಲೊಡೆದು ಸುರುಸುರುಬತ್ತಿಯಂತೆ ಸಿಡಿಯುತ್ತದೆ. ಮೈಲ್ಡ್ ಸ್ಟೀಲಿನದು ಉದ್ದ, ಕವಲು ಕಡಿಮೆ. ಎರಕದ ಕಬ್ಬಿಣದ್ದು ಕುಳ್ಳ ಕೆಂಪು. "ಇದು ಇಎನ್ 8, ಇದು ಇಎನ್ 31" ಎಂದು ಕಿಡಿಯ ಮೇಲೆಯೇ ತೀರ್ಪು ಕೊಟ್ಟುಬಿಡುತ್ತಾರೆ. ಈ ಇಎನ್ ನಂಬರುಗಳನ್ನು ಹೆತ್ತ ಬ್ರಿಟನ್ನೇ ಅವನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಮಾತ್ರ ಅವು ಚಿರಂಜೀವಿಗಳು.

ಗೀಟಿನ ಪಕ್ಷ ವಹಿಸಿ ಇಷ್ಟು ಹೇಳಿದವನು ಗೀಟಿನ ಅಪಾಯವನ್ನೂ ಹೇಳಬೇಕು. ವಿಮಾನದ ಹೊರಮೈಯ ಅಲ್ಯೂಮಿನಿಯಂ ಹಾಳೆಯ ಮೇಲೆ, ಕತ್ತರಿಸಿ ಬಿಸಾಡುವ ಅಂಚು ಬಿಟ್ಟರೆ ಬೇರೆಲ್ಲೂ ಉಕ್ಕಿನ ಮೊನೆಯಿಂದ ಗೀರುವಂತಿಲ್ಲ. ಕೂದಲೆಳೆಯಷ್ಟು ಗೀರೂ, ಹಾರಾಟದಿಂದ ಹಾರಾಟಕ್ಕೆ ಒಡಲು ಉಬ್ಬಿ ಇಳಿಯುತ್ತಿರುವಾಗ, ಬಿರುಕಿಗೆ ಬಾಗಿಲು ತೆರೆದುಕೊಡುತ್ತದೆ. ಬೋಯಿಂಗ್ 737 ವಿಮಾನಗಳಲ್ಲಿ ಹಳೆಯ ಸೀಲಂಟನ್ನು ಚೂಪು ಹತಾರಗಳಿಂದ ಕೆರೆದಾಗ ಆದ ಇಂಥ ಗೀರುಗಳನ್ನು ಹುಡುಕಿ ಪರೀಕ್ಷಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ ಆದೇಶವನ್ನೇ ಹೊರಡಿಸಬೇಕಾಯಿತು. ಸರಿ, ಪೆನ್ಸಿಲ್ಲಿನಲ್ಲಿ ಬರೆಯೋಣವೆಂದರೆ ಅದೂ ಇಲ್ಲ. ಪೆನ್ಸಿಲ್ಲಿನ ಸೀಸ ಸೀಸವಲ್ಲ, ಗ್ರಾಫೈಟು. ತೇವ ಸಿಕ್ಕರೆ ಅಲ್ಯೂಮಿನಿಯಮ್ಮಿನೊಡನೆ ಪುಟ್ಟ ಬ್ಯಾಟರಿಯಾಗಿ ಲೋಹವನ್ನು ತಿನ್ನುತ್ತದೆ. ಹಾಗಾಗಿ ಒಪ್ಪಿಗೆ ಪಡೆದ ಶಾಯಿಯ ಪೆನ್ನೇ ಬೇಕು. ಒಂದು ಗೀಟು ಎಳೆಯಲು ಇಷ್ಟು ಕಟ್ಟುಪಾಡು ಲಕ್ಷ್ಮಣನಿಗೂ ಇರಲಿಲ್ಲ.

ಕೊನೆಗೆ ಉಗ್ರಾಣದವನ ಸಂಕಟ. ಕಾರ್ಖಾನೆಯ ಸ್ಟೋರಿನಲ್ಲಿ ಉಕ್ಕಿನ ಸರಳುಗಳೆಲ್ಲ ನೋಡಲು ಒಂದೇ ರೂಪ. ಬೇರೆ ಮಾಡಲು ಒಂದು ತುದಿಗೆ ಬಣ್ಣ ಬಳಿದಿರುತ್ತಾರೆ, ದರ್ಜೆಗೊಂದು ಬಣ್ಣ. ಕತ್ತರಿಸುವುದು ಯಾವಾಗಲೂ ಬಣ್ಣವಿಲ್ಲದ ತುದಿಯಿಂದ. ಬಣ್ಣದ ತುದಿ ಮೊದಲು ಹೋದರೆ ಉಳಿದ ಸರಳು ಅಪ್ಪ-ಅಮ್ಮ ಗೊತ್ತಿಲ್ಲದ ಮಗು. ಬಾಯ್ಲರಿನ ತಟ್ಟೆಗಳಿಗೆ ಇನ್ನೂ ಬಿಗಿ. ಯಾವ ಕುಲುಮೆಯ ಯಾವ ಹೊಯ್ತದ್ದೆಂಬ ಹೀಟ್ ನಂಬರ್ ಅದರ ಮೇಲಿರುತ್ತದೆ. ತಟ್ಟೆಯನ್ನು ಎರಡು ಮಾಡುವ ಮೊದಲು ಆ ನಂಬರನ್ನು ಎರಡೂ ಭಾಗಕ್ಕೆ ಇಳಿಸಬೇಕು, ತಪಾಸಣೆಯವನು ನೋಡಿ ಮುದ್ರೆ ಒತ್ತಬೇಕು, ಆಮೇಲೆಯೇ ಜ್ವಾಲೆ. ತುರ್ತಿನ ಕೆಲಸವೆಂದು ಮ್ಯಾನೇಜರ್ ಎಷ್ಟು ಕೂಗಾಡಿದರೂ ಒಳ್ಳೆಯ ಉಗ್ರಾಣದವನು ಜಗ್ಗುವುದಿಲ್ಲ. ಆದರೆ ಕತ್ತರಿಸುತ್ತ ಕತ್ತರಿಸುತ್ತ ಸರಳು ಮುಗಿದು ಕೊನೆಗೆ ಬಣ್ಣದ ತುದಿಯ ಗೇಣುದ್ದದ ತುಂಡು ಮಾತ್ರ ಉಳಿಯುತ್ತದೆ. ಯಾವ ಕೆಲಸಕ್ಕೂ ಚಿಕ್ಕದು, ಗುಜರಿಗೆ ಹಾಕಲು ಮನಸ್ಸಿಲ್ಲ, ಜಾತಕ ಅಷ್ಟು ಚೊಕ್ಕಟ. ಇಂಥವು ರ‍್ಯಾಕಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಲೆಕ್ಕ ತಪಾಸಣೆಗೆ ಬಂದವರು ಇವೇನು ಎಂದು ಕೇಳಿದರೆ "ಬೇಕಾಗ್ತವೆ ಸಾರ್" ಎನ್ನುತ್ತಾನೆ. ಅವರು ಹೋದ ಮೇಲೆ ಒಂದನ್ನೆತ್ತಿ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಾನೆ, ಬಣ್ಣದ ತುದಿಯನ್ನು ಮೇಲೆ ಮಾಡಿ.